ಚಿನ್ನದ ಗುಮ್ಮಟದ ಕೆಳಗೆ

ಅಮೆರಿಕದ ಓಹಾಯೋ ರಾಜ್ಯದ ಕೊಲಂಬಸ್‌ನಲ್ಲಿರುವ ಅಕ್ಕನ ಮನೆಯಿಂದ ಬೆಳಿಗ್ಗೆ ಬೇಗ ಹೊರಟೆವು. ಭಾವ ಕಾರು ಓಡಿಸುತ್ತಿದ್ದರು, ಅಕ್ಕ ಚಿತ್ರಾನ್ನ ಕಟ್ಟಿಕೊಂಡಿದ್ದಳು. ಓಹಾಯೋ ನದಿ ದಾಟಿದರೆ ವೆಸ್ಟ್ ವರ್ಜೀನಿಯಾ. ಅಲ್ಲಿಂದ ಬೆಟ್ಟಗಳು ಹತ್ತಿರಕ್ಕೆ ಬರುತ್ತವೆ. ಈ ರಾಜ್ಯದಲ್ಲಿ ರಸ್ತೆ, ಸೇತುವೆ, ಅಣೆಕಟ್ಟು, ಕೊನೆಗೆ ಗ್ರೀನ್ ಬ್ಯಾಂಕ್‌ನ ದೊಡ್ಡ ರೇಡಿಯೋ ದೂರದರ್ಶಕಕ್ಕೂ ಒಬ್ಬರದೇ ಹೆಸರು: ಇಲ್ಲಿನ ಸೆನೆಟರ್ ಆಗಿದ್ದ ರಾಬರ್ಟ್ ಬರ್ಡ್.

ನಾನು ನೋಡಬೇಕು ಅಂದುಕೊಂಡಿದ್ದು ಅವರ ಪ್ರತಿಮೆಯನ್ನೇ. ಚಾರ್ಲ್ಸ್‌ಟನ್‌ನಲ್ಲಿ ಕನಾವಾ ನದಿಯ ದಡದಲ್ಲಿ ರಾಜ್ಯದ ಶಾಸನಸಭೆ ಇದೆ. 1932ರ ಕಟ್ಟಡ, ಚಿನ್ನದ ಗುಮ್ಮಟ. ಅದರ ಕೆಳಗೆ ಕಂಚಿನ ಬರ್ಡ್ ನಿಂತಿದ್ದಾರೆ. ಆ ಹೊತ್ತಿಗೆ ಒಳಗೆ ಜನ ಜಾಸ್ತಿ ಇರಲಿಲ್ಲ. ನಾನು ಸುಮ್ನೆ ನೋಡುತ್ತಾ ನಿಂತೆ.

ಬರ್ಡ್ ಮಗುವಾಗಿದ್ದಾಗಲೇ ತಾಯಿ 1918ರ ಫ್ಲೂನಲ್ಲಿ ತೀರಿಕೊಂಡರು. ಸೋದರತ್ತೆ, ಅವರ ಗಂಡ ಈ ರಾಜ್ಯದ ಕಲ್ಲಿದ್ದಲು ಊರುಗಳಲ್ಲಿ ಸಾಕಿದರು. ಹುಡುಗ ಪೆಟ್ರೋಲ್ ಬಂಕ್‌ನಲ್ಲಿ ದುಡಿದ, ಮಾಂಸ ಕಡಿದ, ವೆಲ್ಡಿಂಗ್ ಮಾಡಿದ, ಪಿಟೀಲು ಬಾರಿಸಿದ. 1940ರ ದಶಕದಲ್ಲಿ ಕಪ್ಪು ಜನರನ್ನು ದ್ವೇಷಿಸುವ ಬಿಳಿಯರ ಗುಂಪು ಕು ಕ್ಲಕ್ಸ್ ಕ್ಲಾನ್ ಸೇರಿದ. ಸೇರಿದ್ದಷ್ಟೇ ಅಲ್ಲ, ಸುತ್ತಲಿನವರನ್ನೂ ಸೇರಿಸಿದ.

1959ರಿಂದ 2010ರಲ್ಲಿ ಸಾಯುವವರೆಗೂ ಬರ್ಡ್ ದೇಶದ ಸಂಸತ್ತಿನ ಮೇಲ್ಮನೆ ಸೆನೆಟ್‌ನ ಸದಸ್ಯರಾಗಿದ್ದರು. 1964ರ ಜೂನ್‌ನಲ್ಲಿ ಕಪ್ಪು ಜನರಿಗೆ ಸಮಾನ ಹಕ್ಕು ಕೊಡುವ ಮಸೂದೆಯನ್ನು ತಡೆಯಲು ರಾತ್ರಿಯಿಡೀ ನಿಂತು ಮಾತಾಡಿದರು. 14 ಗಂಟೆ 13 ನಿಮಿಷ. ಮಾತು ನಡೆಯುತ್ತಿರುವಷ್ಟು ಹೊತ್ತು ಮಸೂದೆ ಮತಕ್ಕೆ ಬರುವಂತಿರಲಿಲ್ಲ. ಕಪ್ಪು ಜನರೆಂದು ಆ ರಾತ್ರಿ ಹೋಟೆಲಿನವರು ಒಳಗೆ ಬಿಟ್ಟುಕೊಳ್ಳದ ಅಪ್ಪ, ಅಮ್ಮ, ಮಕ್ಕಳು ಎಷ್ಟು ಮಂದಿಯೋ. ಅವರ ಬಾಗಿಲನ್ನು ಇವರು ಮಾತಿನಿಂದಲೇ ಹಿಡಿದು ನಿಂತಿದ್ದರು. ಬೆಳಗಾದ ಮೇಲೆ ಸೆನೆಟ್ 71–29 ಮತಗಳಿಂದ ಚರ್ಚೆ ಮುಗಿಸಿತು. ಮಸೂದೆ ಕಾನೂನಾಯಿತು.

1982ರಲ್ಲಿ ಅವರ ಹದಿಹರೆಯದ ಮೊಮ್ಮಗ ರಸ್ತೆ ಅಪಘಾತದಲ್ಲಿ ಹೋದ. ಕಪ್ಪು ಜನರಿಗೂ ತಮ್ಮ ಮಕ್ಕಳು, ಮೊಮ್ಮಕ್ಕಳ ಮೇಲೆ ಇಷ್ಟೇ ಪ್ರೀತಿ ಇರುತ್ತದಲ್ವಾ ಅನ್ನುವುದು ತಮಗೆ ಆ ದುಃಖದಲ್ಲಿ ಹೊಳೆಯಿತು ಎಂದು ಮುಂದೆ ಹೇಳಿಕೊಂಡರು. ಇದನ್ನು ಮೊದಲ ಸಲ ಓದಿದಾಗ ನನಗೆ ಸಿಟ್ಟು ಬಂದಿತ್ತು. ಇಷ್ಟು ತಿಳಿಯಲು ಅರವತ್ತು ದಾಟಬೇಕಿತ್ತೇ? ಆದರೂ ಅವರು ತಿಳಿದದ್ದನ್ನು ಮುಚ್ಚಿಡಲಿಲ್ಲ. ಮರುವರ್ಷ ಮಾರ್ಟಿನ್ ಲೂಥರ್ ಕಿಂಗ್ ಹೆಸರಿನ ರಜಾದಿನಕ್ಕೆ ಮತ ಹಾಕಿದರು. ತಪ್ಪು ಮಾಡಿದೆ, ಎಷ್ಟು ಸಲ ಬೇಕಾದರೂ ಕ್ಷಮೆ ಕೇಳುತ್ತೇನೆ, ನಡೆದದ್ದನ್ನು ಮಾತ್ರ ಅಳಿಸಲಾರೆ ಎಂದರು. 2008ರಲ್ಲಿ ಒಬಾಮಾರನ್ನು ಬೆಂಬಲಿಸಿದರು. ಅವರು ತೀರಿಕೊಂಡಾಗ ಇದೇ ಕಟ್ಟಡದ ಮುಂದೆ ಅಧ್ಯಕ್ಷ ಒಬಾಮಾ ನಿಂತು ಮಾತಾಡಿದರು.

"ನೀನಾಗಿದ್ದರೆ ಕ್ಷಮಿಸುತ್ತಿದ್ದೆಯಾ?" ಅಕ್ಕ ಕೇಳಿದಳು. ಕ್ಷಮಿಸುವ ಹಕ್ಕು ನನ್ನದಲ್ಲ ಅನ್ನಿಸಿತು. ಆದರೆ ಬದಲಾದದ್ದು ನಾಟಕ ಅಂತ ಮಾತ್ರ ನಾನು ಹೇಳಲಾರೆ.

ಹೊರಗೆ ಹುಲ್ಲಿನ ಮೇಲೆ ಕಪ್ಪು ಜನರ ಶಿಕ್ಷಣಕ್ಕಾಗಿ ದುಡಿದ ಬೂಕರ್ ಟಿ. ವಾಷಿಂಗ್ಟನ್ ಅವರ ಪ್ರತಿಮೆ ಇದೆ. ಗುಲಾಮಳಾಗಿದ್ದ ತಾಯಿಯ ಮಗನಾಗಿ ಹುಟ್ಟಿ, ಇಲ್ಲೇ ಹತ್ತಿರದ ಮಾಲ್ಡನ್‌ನಲ್ಲಿ ಉಪ್ಪಿನ ಒಲೆಗಳ ಬಳಿ ದುಡಿದು, ಓದು ಕಲಿತವರು. ಮಾಲ್ಡನ್‌ಗೂ ಹೋದೆವು. ಅವರು ಹೋಗುತ್ತಿದ್ದ ಸಣ್ಣ ಬಿಳಿ ಮರದ ಚರ್ಚಿಗೆ ಬೀಗ ಹಾಕಿತ್ತು. ಅದರ ಎದುರು ಕಾರು ನಿಲ್ಲಿಸಿ, ಡಬ್ಬಿ ಬಿಚ್ಚಿ, ಚಿತ್ರಾನ್ನ ತಿಂದೆವು. ಬಹಳ ಹೊತ್ತು ಯಾರೂ ಮಾತಾಡಲಿಲ್ಲ.