ಪುಸ್ತಕದಲ್ಲಿ ಇಲ್ಲದ ಚಕ್ರವರ್ತಿಗಳೇ 'ಫೌಂಡೇಶನ್' ಸೀರೀಸನ್ನು ಉಳಿಸಿದ್ದು

ಆಪಲ್ ಟಿವಿಯ 'ಫೌಂಡೇಶನ್' ಬಗ್ಗೆ ಪುಸ್ತಕ ಓದಿದವರದ್ದು ಒಂದೇ ದೂರು: ಇದು ವೈಜ್ಞಾನಿಕ ಕಥೆಗಾರ ಐಸಾಕ್ ಅಸಿಮೋವ್ ಬರೆದ ಕಥೆಯೇ ಅಲ್ಲ. ಸರಿ, ಅಲ್ಲ. ಆದರೆ ಬರೆದದ್ದನ್ನು ಬರೆದ ಹಾಗೇ ತೆಗೆದಿದ್ದರೆ ಎರಡನೇ ಎಪಿಸೋಡ್ ಹೊತ್ತಿಗೆ ಇದೇ ಜನ ಆಕಳಿಸುತ್ತಾ ಟಿವಿ ಆಫ್ ಮಾಡುತ್ತಿದ್ದರು. ನನ್ನ ತಕರಾರು ಬೇರೆ. ಪುಸ್ತಕದಿಂದ ಎತ್ತಿಕೊಂಡ ಭಾಗಗಳೇ ಇಲ್ಲಿ ಸೊರಗಿವೆ. ತಾವೇ ಹೊಸದಾಗಿ ಕಟ್ಟಿದ ಭಾಗ ಮಾತ್ರ ಅಸಿಮೋವ್ ಹೇಳಿದ್ದನ್ನು ಸರಿಯಾಗಿ ಹೇಳುತ್ತದೆ.

ಓದದವರಿಗೆ ಚುಟುಕಾಗಿ ಹೇಳಿಬಿಡುತ್ತೇನೆ. 12,000 ವರ್ಷ ಬಾಳಿದ ಸಾಮ್ರಾಜ್ಯ ಕುಸಿಯಲಿದೆ ಅಂತ ಹ್ಯಾರಿ ಸೆಲ್ಡನ್ ಎಂಬ ಗಣಿತಜ್ಞ ಲೆಕ್ಕ ಹಾಕಿ ಹೇಳುತ್ತಾನೆ. ಆಮೇಲೆ 30,000 ವರ್ಷ ಅರಾಜಕತೆ. ತಡೆಯೋಕೆ ಆಗಲ್ಲ, ಆದರೆ ಅದನ್ನು 1,000 ವರ್ಷಕ್ಕೆ ಇಳಿಸಬಹುದು. ಅದಕ್ಕಾಗಿ ಮೂಲೆಯ ಟರ್ಮಿನಸ್ ಎಂಬ ಗ್ರಹದಲ್ಲಿ ಕೆಲವು ವಿದ್ವಾಂಸರನ್ನು ಕೂರಿಸುತ್ತಾನೆ, ಅದೇ ಫೌಂಡೇಶನ್. ಅವನ ಲೆಕ್ಕದ ಹೆಸರು ಸೈಕೋಹಿಸ್ಟರಿ. ಕೋಟ್ಯಂತರ ಜನ ಒಟ್ಟಾಗಿ ಏನು ಮಾಡುತ್ತಾರೆ ಅಂತ ಅದು ಹೇಳಬಲ್ಲದು, ಒಬ್ಬ ಮನುಷ್ಯ ಏನು ಮಾಡುತ್ತಾನೆ ಅಂತ ಹೇಳಲಾರದು.

ಕಷ್ಟ ಶುರುವಾಗುವುದು ಇಲ್ಲೇ. ಒಬ್ಬ ಮನುಷ್ಯನಿಂದ ಏನೂ ಆಗಲ್ಲ ಅನ್ನುವ ಕಥೆಗೆ ಹೀರೋನನ್ನು ಎಲ್ಲಿಂದ ತರೋದು? 1942ರಿಂದ ಪತ್ರಿಕೆಯಲ್ಲಿ ಬಿಡಿಬಿಡಿಯಾಗಿ ಬಂದ ಕಥೆಗಳಿವು, ಪುಸ್ತಕ ಆಗಿದ್ದು 1951ರಿಂದ 1953ರ ನಡುವೆ. ಒಂದು ಕಥೆ ಮುಗಿದು ಇನ್ನೊಂದು ಶುರುವಾಗುವಷ್ಟರಲ್ಲಿ ಎಷ್ಟೋ ದಶಕ ಕಳೆದು, ನೀವು ಹಚ್ಚಿಕೊಂಡ ಪಾತ್ರ ಸತ್ತು ಹೋಗಿರುತ್ತದೆ. ಯುದ್ಧಗಳೆಲ್ಲ ತೆರೆಯ ಹಿಂದೆ. ಮುಂದೆ ನಡೆಯುವುದು ಬರೀ ಮಾತು. ಹೆಚ್ಚುಕಡಿಮೆ ತಾಳಮದ್ದಳೆ ಅನ್ನಿ: ವೇಷ ಇಲ್ಲ, ಕುಣಿತ ಇಲ್ಲ, ಕೂತಲ್ಲೇ ವಾದ, ಮಾತಲ್ಲಿ ಗೆದ್ದವನೇ ಗೆದ್ದ. 1973ರಲ್ಲಿ ಬಿಬಿಸಿ ಇದನ್ನು ಎಂಟು ಕಂತಿನ ರೇಡಿಯೋ ನಾಟಕ ಮಾಡಿದ್ದು ಸುಮ್ನೆ ಅಲ್ಲ.

ಬೆಲ್ ರಿಯೋಸ್ ಕಥೆಯನ್ನೇ ನೋಡಿ. ಸಾಮ್ರಾಜ್ಯದ ಗಟ್ಟಿಗ ಸೇನಾಪತಿ, ಫೌಂಡೇಶನ್ ಮೇಲೆ ದಂಡೆತ್ತಿ ಬರುತ್ತಾನೆ. ಅವನನ್ನು ತಡೆಯಬೇಕೆಂದು ಇಬ್ಬರು ಗ್ರಹದಿಂದ ಗ್ರಹಕ್ಕೆ ಓಡಾಡಿ, ಲಂಚ ಕೊಟ್ಟು, ಪ್ರಾಣ ಒತ್ತೆ ಇಟ್ಟು ಏನೆಲ್ಲ ಮಾಡುತ್ತಾರೆ. ಒಂದೂ ಕೆಲಸಕ್ಕೆ ಬರುವುದಿಲ್ಲ! ಸೇನಾಪತಿ ಗೆಲ್ಲುತ್ತಾ ಹೋದ ಹಾಗೆ ಚಕ್ರವರ್ತಿಗೇ ಭಯ ಹುಟ್ಟುತ್ತದೆ, ವಾಪಸ್ ಕರೆಸಿ ಮುಗಿಸಿಬಿಡುತ್ತಾನೆ. ದುರ್ಬಲ ದೊರೆ ಆಗಿದ್ದರೆ ಸೇನಾಪತಿ ಅವನನ್ನೇ ಇಳಿಸಲು ಹೊರಡುತ್ತಿದ್ದ, ಬಲವಾದ ದೊರೆ ಆದ್ದರಿಂದ ಸೇನಾಪತಿಯ ತಲೆ ಹೋಯಿತು. ಹೇಗಿದ್ದರೂ ಫೌಂಡೇಶನ್ ಉಳಿಯುತ್ತಿತ್ತು. ಓದುವಾಗ ಇದು ಮೈ ಜುಮ್ಮೆನ್ನಿಸುತ್ತದೆ. ಆದರೆ ಹತ್ತು ಗಂಟೆ ಸೀರೀಸ್ ನೋಡಿದವರಿಗೆ 'ನೀವು ನೋಡಿದ ಓಡಾಟಕ್ಕೆಲ್ಲ ಬೆಲೆಯಿಲ್ಲ' ಅಂತ ಹೇಳೋಕೆ ಯಾವ ನಿರ್ಮಾಪಕನಿಗೆ ಧೈರ್ಯ ಇದೆ? ಎರಡನೇ ಸೀಸನ್‌ನಲ್ಲಿ ಈ ರಿಯೋಸ್ ಬರುತ್ತಾನೆ, ಪಾತ್ರ ಚೆನ್ನಾಗಿಯೂ ಇದೆ. ಆದರೆ ಕೊನೆಗೆ ಲೆಕ್ಕ ತೀರುವುದು ಹೊಡೆದಾಟದಲ್ಲೇ.

ಶತಮಾನಗಳ ಅಂತರ ದಾಟುವ ಕಥೆಗೆ ಅದೇ ಮುಖಗಳು ಬೇಕು. ಸೀರೀಸ್ ಕಟ್ಟಿದ ಡೇವಿಡ್ ಗೋಯರ್ ತಂಡ ಇದಕ್ಕೆ ಕೆಲವು ದಾರಿ ಹುಡುಕಿತು. ಸೆಲ್ಡನ್‌ನ ಶಿಷ್ಯೆ ಗಾಲ್ ಡಾರ್ನಿಕ್‌ಳನ್ನು ದಶಕಗಟ್ಟಲೆ ನಿದ್ದೆಗೆ ಹಾಕಿದರು, ಸತ್ತ ಸೆಲ್ಡನ್‌ನ ಬುದ್ಧಿಯನ್ನು ಯಂತ್ರಕ್ಕೆ ಇಳಿಸಿದರು. ಇವೆಲ್ಲ ಸಾಧಾರಣ ಉಪಾಯ. ನಿಜವಾಗಿ ತಲೆ ಓಡಿಸಿದ್ದು ಕ್ಲಿಯಾನ್‌ಗಳ ವಿಷಯದಲ್ಲಿ. ಮೊದಲನೇ ಕ್ಲಿಯಾನ್ ಚಕ್ರವರ್ತಿ ಮಕ್ಕಳನ್ನು ಹೆರಿಸುವ ಬದಲು ತನ್ನನ್ನೇ ಕ್ಲೋನ್ ಮಾಡಿಸುತ್ತಾನೆ. ಸಿಂಹಾಸನದ ಸುತ್ತ ಯಾವಾಗಲೂ ಮೂವರು: ಎಳೆಯ ಡಾನ್, ಆಳುವ ಡೇ, ಮುದುಕ ಡಸ್ಕ್. ಎಷ್ಟು ತಲೆಮಾರು ಕಳೆದರೂ ಅದೇ ಮುಖ, ಡೇ ಪಾತ್ರಕ್ಕೆ ಅದೇ ನಟ ಲೀ ಪೇಸ್. ಪುಸ್ತಕದಲ್ಲಿ ಇದರ ಸುಳಿವೂ ಇಲ್ಲ. ಆದರೂ ಬದಲಾಗಲು ಒಪ್ಪದ ಸಾಮ್ರಾಜ್ಯ ಹೇಗೆ ಒಳಗಿಂದಲೇ ಕೊಳೆಯುತ್ತದೆ ಅನ್ನುವ ಅಸಿಮೋವ್ ವಿಚಾರಕ್ಕೆ ಇದಕ್ಕಿಂತ ಒಳ್ಳೆಯ ರೂಪ ನನಗಂತೂ ಹೊಳೆಯುತ್ತಿಲ್ಲ.

ಮೊದಲ ಸೀಸನ್‌ನ ಎಳೆಯ ಕ್ಲಿಯಾನ್‌ಗೆ ಬಣ್ಣಗಳು ಸರಿಯಾಗಿ ಕಾಣುವುದಿಲ್ಲ. ಅಷ್ಟೇ ದೋಷ. ಆದರೆ ಕ್ಲೋನ್‌ಗೆ ಅದೂ ಇರುವ ಹಾಗಿಲ್ಲ. ಬೇಟೆಯಲ್ಲಿ ಅವನ ಕಣ್ಣಿಗೆ ಉಳಿದವರಿಗೆ ಕಾಣದ ಪ್ರಾಣಿಗಳು ಕಂಡು, ಮುದುಕ ಡಸ್ಕ್‌ಗಿಂತ ಜಾಸ್ತಿ ಹೊಡೆದುಬಿಡುತ್ತಾನೆ. ಖುಷಿಪಡಬೇಕಾದ ಹುಡುಗ ಹೆಚ್ಚಿನದ್ದನ್ನು ಬಚ್ಚಿಡುತ್ತಾನೆ. ಚೆನ್ನಾಗಿ ಹೊಡೆದದ್ದೇ ತಪ್ಪು! ಇನ್ನೊಂದು ಕಡೆ, ಕ್ಲೋನ್‌ಗೆ ಆತ್ಮ ಇಲ್ಲ ಎಂಬ ಮಾತು ಸುಳ್ಳು ಮಾಡಲು ಡೇ ಉಪ್ಪಿನ ಮರುಭೂಮಿಯಲ್ಲಿ ಬರಿಗಾಲಲ್ಲಿ ನಡೆದು ಬರುತ್ತಾನೆ. ನನಗೆ ದರ್ಶನ ಆಯಿತು ಅಂತ ಒಂದು ಹೂವಿನ ವರ್ಣನೆ ಕೊಡುತ್ತಾನೆ. ಜನ ನಂಬುತ್ತಾರೆ. ನಿಜವಾಗಿ ಅವನಿಗೆ ಏನೂ ಕಂಡಿಲ್ಲ. ಆಗ ಲೀ ಪೇಸ್ ಮುಖ ನೋಡಬೇಕು.

ಅತ್ತ ಟರ್ಮಿನಸ್ ಗ್ರಹದಲ್ಲಿ ಉಲ್ಟಾ. ಪುಸ್ತಕದ ಸಾಲ್ವರ್ ಹಾರ್ಡಿನ್ ಚುರುಟು ಸೇದುವ ಚಾಣಾಕ್ಷ ಮೇಯರ್. ಅಕ್ಕಪಕ್ಕದ ರಾಜ್ಯಗಳನ್ನು ಒಂದರ ಮೇಲೊಂದು ಎತ್ತಿಕಟ್ಟಿ ಗುಂಡು ಹಾರಿಸದೆ ಗೆಲ್ಲುತ್ತಾನೆ. ಸೀರೀಸ್‌ನಲ್ಲಿ ಸಾಲ್ವರ್ ಹೆಣ್ಣು, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಕೈಗೆ ಬಂದೂಕು ಕೊಟ್ಟು, ಮುನ್ಸೂಚನೆ ಸಿಗುವ ವಿಶೇಷ ಶಕ್ತಿ ಕೊಟ್ಟರಲ್ಲ, ಅಲ್ಲಿಗೆ ಸೆಲ್ಡನ್ ಲೆಕ್ಕ ಕೆಟ್ಟಿತು. ಗಾಲ್‌ಗೂ ಭವಿಷ್ಯ ಕಾಣುತ್ತದೆ. ಹುಟ್ಟಿನಿಂದಲೇ ವಿಶೇಷವಾದ ಇಬ್ಬರ ಕೈಯಲ್ಲಿ ಎಲ್ಲ ಇದ್ದರೆ ಗಣಿತ ಯಾಕೆ ಬೇಕು, ಜಾತಕ ಸಾಕಲ್ವಾ?

2025ರ ಮೂರನೇ ಸೀಸನ್‌ಗೆ ಬಂದ ಮ್ಯೂಲ್ ಮಾತ್ರ ತೆರೆಗೆ ಹೇಳಿ ಮಾಡಿಸಿದ ಪಾತ್ರ. ಯೋಜನೆಯನ್ನು ಒಬ್ಬನೇ ಬುಡಮೇಲು ಮಾಡುವವನನ್ನು ಸ್ವತಃ ಅಸಿಮೋವ್ ಸೃಷ್ಟಿಸಿದ್ದರು. 1945ರಲ್ಲಿ ಆ ಕಥೆಯ ಕೊನೆ ಓದಿದವರಿಗೆ ದೊಡ್ಡ ಅಚ್ಚರಿ ಕಾದಿತ್ತು. ಈಗ ಆ ಗುಟ್ಟು ಓದುಗರಿಗೆಲ್ಲ ಗೊತ್ತು, ಹಾಗೇ ತೋರಿಸಿದ್ದರೆ ಯಾರೂ ಬೆಚ್ಚುತ್ತಿರಲಿಲ್ಲ. ಅದಕ್ಕೇ ಗುಟ್ಟನ್ನೇ ಬದಲಾಯಿಸಿದರು. ಏನಾಯಿತು ಅಂತ ಹೇಳಲ್ಲ, ನೋಡಿ. ಪುಸ್ತಕ ಬಾಯಿಪಾಠ ಇರುವ ನನ್ನಂಥವರೇ ಮೊದಲು ಬೇಸ್ತು ಬಿದ್ದದ್ದು.