ನನಗೆ ಕುಫೋರ್ ಅಂತ ಹೆಸರು ಬಿದ್ದದ್ದು

1999ರ ಮೇ 26. ಪರೀಕ್ಷೆ ಹತ್ತಿರ ಬಂದಿದ್ದರೂ ಹಾಸ್ಟೆಲಿನ ಟಿವಿ ರೂಮು ತುಂಬಿ ತುಳುಕುತ್ತಿತ್ತು. ಟೌಂಟನ್‌ನಲ್ಲಿ ಶ್ರೀಲಂಕಾದ ಮೇಲೆ ಗಂಗೂಲಿ 183, ನಮ್ಮ ದ್ರಾವಿಡ್ 145! ಮ್ಯಾಚು ಮುಗಿದ ಮೇಲೆ ಎಲ್ಲರೂ ಮಲಗಲು ಎದ್ದರು. ಫುಟ್‌ಬಾಲ್ ಟೀಮಿನ ನಾವು ನಾಲ್ಕು ಜನ ಮಾತ್ರ ಕದಲಲಿಲ್ಲ. ಮಧ್ಯರಾತ್ರಿ ಬಾರ್ಸಿಲೋನಾದಿಂದ ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಫೈನಲ್ ಇತ್ತಲ್ಲ, ಜರ್ಮನಿಯ ಬಯರ್ನ್ ಮ್ಯೂನಿಕ್‌ಗೂ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್‌ಗೂ.

ನಾನು ಬ್ಯಾಕ್ ಆಡುವವನು, ಅಂದರೆ ಹಿಂದೆ ನಿಂತು ನಮ್ಮ ಗೋಲು ಕಾಯುವ ಡಿಫೆಂಡರ್. ಹಾಗಾಗಿ ಕಣ್ಣೆಲ್ಲ ಬಯರ್ನ್ ಮ್ಯೂನಿಕ್‌ನ ಸ್ಯಾಮ್ಯುಯೆಲ್ ಕುಫೋರ್ ಮೇಲೆ. ಘಾನಾದ ಕುಮಾಸಿಯ ಹುಡುಗ. 1992ರ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಘಾನಾ ತಂಡದಲ್ಲಿದ್ದಾಗ ಅವನಿಗೆ ಬರೀ ಹದಿನೈದು. ಅದೂ ಬಾರ್ಸಿಲೋನಾದಲ್ಲೇ.

ತೊಂಬತ್ತು ನಿಮಿಷ ಮುಗಿದಾಗಲೂ ಬಯರ್ನ್ 1-0 ಮುಂದಿತ್ತು. ಆಮೇಲೆ ಮ್ಯಾಂಚೆಸ್ಟರ್‌ನ ಬೆಕ್‌ಹ್ಯಾಮ್‌ನ ಎರಡು ಕಾರ್ನರ್. ಮೊದಲನೆಯದಕ್ಕೆ ಶೆರಿಂಗ್‌ಹ್ಯಾಮ್ ಗೋಲು, ಎರಡನೆಯದಕ್ಕೆ ಸೋಲ್ಶಾರ್ ಗೋಲು. ಮುಗೀತು. ಕುಫೋರ್ ಅಳುತ್ತಾ ನೆಲಕ್ಕೆ ಗುದ್ದತೊಡಗಿದ. ರೆಫರಿ ಕೊಲಿನಾ ಬಂದು ಎಬ್ಬಿಸಬೇಕಾಯಿತು. ಇವತ್ತಿಗೂ ಅವನ ಹೆಸರೆತ್ತಿದರೆ ಜನ ಹೇಳುವುದು ಅದೊಂದೇ ದೃಶ್ಯ. ಬ್ಯಾಕ್ ಆಡುವವರ ಹಣೆಬರಹ!

ಆ ವರ್ಷದ ಅಂತರಕಾಲೇಜು ಪಂದ್ಯದಲ್ಲಿ, ಕಡೇ ನಿಮಿಷದಲ್ಲಿ, ಗೋಲು ಹೊಡೆಯುವ ಹುಮ್ಮಸ್ಸಿನಲ್ಲಿ ನಾನು ಮುಂದಕ್ಕೆ ಓಡಿಬಿಟ್ಟೆ. ಖಾಲಿ ಬಿಟ್ಟ ಜಾಗದಿಂದಲೇ ಅವರು ಗೋಲು ಹೊಡೆದರು. ನಾನೂ ಕೂತು ನೆಲ ಗುದ್ದಿದೆ. ಅಲ್ಲಿಗೆ ಡಿಗ್ರಿ ಮುಗಿಯುವವರೆಗೂ ನನ್ನ ಹೆಸರು 'ಕುಫೋರ್'. ಮೆಸ್ಸಿನ ಭಟ್ಟರೂ ಹಾಗೇ ಕರೆಯುತ್ತಿದ್ದರು. ಪಿ.ಟಿ. ಮೇಷ್ಟ್ರು ಮಾತ್ರ ನಗಲಿಲ್ಲ. "ಬ್ಯಾಕ್ ಆಡೋನಿಗೆ ಮುಂದೇನು ಕೆಲಸವಯ್ಯಾ?" ಅಂದರು. ಅಷ್ಟೇ.

2001ರ ಮೇನಲ್ಲಿ ಮಿಲಾನ್‌ನಲ್ಲಿ ವೆಲೆನ್ಸಿಯಾವನ್ನು ಪೆನಾಲ್ಟಿಯಲ್ಲಿ ಸೋಲಿಸಿ ಬಯರ್ನ್ ಅದೇ ಕಪ್ ಗೆದ್ದಿತು. ಕುಫೋರ್ ಆ ತಂಡದಲ್ಲೂ ಇದ್ದ. ನವೆಂಬರಿನಲ್ಲಿ ಟೋಕಿಯೋದಲ್ಲಿ ಅರ್ಜೆಂಟೀನಾದ ಬೋಕಾ ಜೂನಿಯರ್ಸ್ ಜೊತೆ ಇಂಟರ್‌ಕಾಂಟಿನೆಂಟಲ್ ಕಪ್, ಅಂದರೆ ಯುರೋಪಿನ ಮತ್ತು ದಕ್ಷಿಣ ಅಮೆರಿಕದ ಚಾಂಪಿಯನ್ ಕ್ಲಬ್‌ಗಳ ಪಂದ್ಯ. ಹೆಚ್ಚುವರಿ ಸಮಯಕ್ಕೆ ಹೋದ ಆ ಪಂದ್ಯದ ಒಂದೇ ಒಂದು ಗೋಲು ಹೊಡೆದದ್ದು ಯಾರು ಗೊತ್ತಾ? ನಮ್ಮ ಕುಫೋರ್! ಪಂದ್ಯಶ್ರೇಷ್ಠನೂ ಅವನೇ.

ಆಗ ನಾನು ಕೆಲಸಕ್ಕೆ ಸೇರಿ ಊರು ಬಿಟ್ಟಿದ್ದೆ. ಪೇಪರಿನ ಮೂಲೆಯಲ್ಲಿದ್ದ ಆ ಸಣ್ಣ ಸುದ್ದಿ ಕತ್ತರಿಸಿ ಮೇಷ್ಟ್ರಿಗೆ ಪೋಸ್ಟ್ ಮಾಡಿದೆ. ಹದಿನೈದು ದಿನಕ್ಕೆ ಕಾರ್ಡು ಬಂತು. ಒಂದೇ ಸಾಲು:

"ಸರಿ, ಅವನು ಮುಂದೆ ಹೋದಾಗ ಹಿಂದೆ ಯಾರಿದ್ದರು, ಅದನ್ನು ಬರೆದಿಲ್ಲವಲ್ಲ?"