ಮಾವಿನ ಊಜಿಗೆ ಮದ್ದು ಮರದ ಬುಡದಲ್ಲಿದೆ

ಶ್ರೀನಿವಾಸಪುರದ ಕಡೆ ಕಾಯಿ ಬಲಿಯುವ ಹೊತ್ತಿಗೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಊಜಿಗೆ ಏನು ಹೊಡೀಬೇಕು? ಊಜಿ ಅಂದರೆ ಕಾಯಿಗೆ ಚುಚ್ಚಿ ಮೊಟ್ಟೆ ಇಡುವ ಹಣ್ಣಿನ ನೊಣ. ಅಷ್ಟು ಹೊತ್ತಿಗೆ ಹೊಡೆದು ದೊಡ್ಡ ಉಪಯೋಗವಿಲ್ಲ. ಹೆಣ್ಣು ನೊಣ ಸಿಪ್ಪೆಯ ಕೆಳಗೆ ಮೊಟ್ಟೆ ಇಟ್ಟಾಗಿರುತ್ತದೆ, ಹುಳು ತಿರುಳಿನೊಳಗೇ ಬೆಳೆಯುತ್ತದೆ. ಔಷಧಿ ಹುಳುವನ್ನು ಮುಟ್ಟುವುದಿಲ್ಲ, ತಿನ್ನುವವರ ಹೊಟ್ಟೆಗೆ ಮಾತ್ರ ಹೋಗುತ್ತದೆ.

ಬೆಳೆದ ಹುಳು ಹಣ್ಣಿನಿಂದ ಹೊರಬಿದ್ದು ಮಣ್ಣಿಗಿಳಿದು, ಮೇಲಿನ ಎರಡು ಮೂರು ಇಂಚಿನಲ್ಲೇ ಕೋಶವಾಗುತ್ತದೆ, ಅಂದರೆ ನೊಣವಾಗುವ ಮುಂಚಿನ ಗೂಡು ಕಟ್ಟುತ್ತದೆ. ಮೊಟ್ಟೆಯಿಂದ ಹೊಸ ನೊಣದವರೆಗೆ ಎರಡು ಮೂರು ವಾರ ಸಾಕು. ಬಾದಾಮಿ ಮಾವು ಕೊಯ್ಯುವಾಗ ನೆಲಕ್ಕೆ ಬಿದ್ದ ಹುಳುವೇ ತಡವಾಗಿ ಬರುವ ತೋತಾಪುರಿ, ನೀಲಂ ತಳಿಗಳ ಹೊತ್ತಿಗೆ ನೊಣವಾಗಿ ಮೇಲೇಳುತ್ತದೆ. ಹಾಗಾಗಿ ಉದುರಿದ ಹಣ್ಣು ಆರಿಸುವುದೇ ಮೊದಲ ಕೆಲಸ. ದಿನ ಬಿಟ್ಟು ದಿನವಾದರೂ ಆರಿಸಿ. ತಿಪ್ಪೆಗೆ ಎಸೆದರೆ ಹುಳು ಅಲ್ಲೇ ಆರಾಮಾಗಿ ಕೋಶ ಕಟ್ಟುತ್ತದೆ. ಎರಡು ಮೂರು ಅಡಿ ಗುಂಡಿಗೆ ಸುರಿದು ಮೇಲೆ ಒಂದೂವರೆ ಅಡಿ ಮಣ್ಣು ತುಳಿದು ಮುಚ್ಚಿ. ಇಲ್ಲವೇ ದಪ್ಪ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ವಾರಗಟ್ಟಲೆ ಬಿಸಿಲಿಗಿಡಿ.

ಊಜಿಯೋ ವಾಟೆ (ಗೊರಟೆ) ಹುಳುವೋ ಅನ್ನುವ ಅನುಮಾನವಿದ್ದರೆ ಹಣ್ಣು ಕೊಯ್ದು ನೋಡಿ. ಊಜಿ ಚುಚ್ಚಿದ ಜಾಗದಲ್ಲಿ ಸೂಜಿಮೊನೆಯಷ್ಟು ಕಲೆ, ಸುತ್ತ ಕಂದು ಬಣ್ಣ, ಒತ್ತಿದರೆ ಮೆತ್ತಗೆ. ಒಳಗಿನ ಬಿಳಿ ಹುಳುವನ್ನು ಕಲ್ಲಿನ ಮೇಲೆ ಬಿಟ್ಟರೆ ಮೈ ಬಾಗಿಸಿ ಚಟ್ಟನೆ ನೆಗೆಯುತ್ತದೆ. ವಾಟೆ ಹುಳುವಿನದು ಬೇರೆ ಲೆಕ್ಕ, ಅದು ವಾಟೆಯೊಳಗೆ ಕೂತಿರುತ್ತದೆ, ಹೊರಗೆ ಗುರುತೇ ಕಾಣುವುದಿಲ್ಲ. ಅದಕ್ಕೆ ಮುಂದೆ ಹೇಳುವ ಬಲೆ ಕೆಲಸಕ್ಕೆ ಬಾರದು.

ಇನ್ನು ಬಲೆ. 6 ಪಾಲು ಆಲ್ಕೋಹಾಲ್, 4 ಪಾಲು ಮೀಥೈಲ್ ಯೂಜಿನಾಲ್ (ಗಂಡು ನೊಣವನ್ನು ಸೆಳೆಯುವ ವಾಸನೆಯ ದ್ರವ), 1 ಪಾಲು ಮೆಲಾಥಿಯಾನ್ (ಕೀಟನಾಶಕ) ಬೆರೆಸಿ, ಎರಡಿಂಚಿನ ಪ್ಲೈವುಡ್ ತುಂಡುಗಳನ್ನು ಮುಚ್ಚಿದ ಡಬ್ಬಿಯಲ್ಲಿ ಕನಿಷ್ಠ ಎರಡು ದಿನ ನೆನೆಹಾಕಿ. ಕೈಗವಸು ಬೇಕೇ ಬೇಕು. ಲೀಟರ್ ನೀರಿನ ಬಾಟಲಿಯ ಮೇಲ್ಭಾಗದಲ್ಲಿ ಬೆರಳು ಹೋಗುವಷ್ಟು ನಾಲ್ಕು ತೂತು, ತಳದಲ್ಲಿ ಮಳೆನೀರು ಇಳಿಯಲು ಒಂದು ಸಣ್ಣ ತೂತು ಕೊರೆದು, ತುಂಡನ್ನು ತಂತಿಯಲ್ಲಿ ಒಳಗೆ ಇಳಿಬಿಡಿ. ಎಕರೆಗೆ 6ರಿಂದ 8 ಬಲೆ, ನೆಲದಿಂದ ನಾಲ್ಕೈದು ಅಡಿ ಎತ್ತರ, ಎಲೆಗಳ ನೆರಳಲ್ಲಿ. ಬಿಸಿಲಿಗೆ ಕಟ್ಟಿದರೆ ವಾಸನೆ ಬೇಗ ಹಾರಿಹೋಗುತ್ತದೆ. ತುಂಡನ್ನು ತಿಂಗಳಿಗೊಮ್ಮೆ ಬದಲಿಸಿ.

ತೂಗುವ ತಂತಿಗೆ ಗ್ರೀಸ್ ಸವರುವುದನ್ನು ಬಹಳ ಜನ ಬಿಡುತ್ತಾರೆ. ಸತ್ತ ನೊಣವನ್ನು ಇರುವೆ ಎಳೆದೊಯ್ದರೆ ಬಲೆ ಖಾಲಿ ಕಾಣುತ್ತದೆ, ನೊಣವೇ ಇಲ್ಲವೆಂದು ಸುಮ್ಮನಾಗುತ್ತೇವೆ. ಇನ್ನೊಂದು ಎಡವಟ್ಟು, ಅಂಗಡಿಯವರು ಕೊಟ್ಟ ಕ್ಯೂ-ಲ್ಯೂರ್ ಅನ್ನುವ ಬೇರೆ ಸೆಳೆಮದ್ದು ತಂದು ಕಟ್ಟುವುದು. ಅದು ಸೌತೆ, ಹೀರೆಯ ನೊಣಕ್ಕೆ, ಮಾವಿನದಕ್ಕಲ್ಲ.

ಬಲೆಗೆ ಬೀಳುವುದು ಗಂಡು ಮಾತ್ರ. ಕೂಡುವ ಮೊದಲೇ ಗಂಡನ್ನು ಕಡಿಮೆ ಮಾಡಿದರೆ ತಾನೇ ಫಲ? ಆದ್ದರಿಂದ ಕಾಯಿ ನಿಂಬೆ ಗಾತ್ರಕ್ಕೆ ಬಂದಾಗಲೇ, ಅಂದರೆ ಕೊಯ್ಲಿಗೆ 45–60 ದಿನ ಮುಂಚೆಯೇ ಕಟ್ಟಬೇಕು. ಬಲೆ ತುಂಬ ನೊಣ ಬಿದ್ದರೂ ಕಾಯಿ ಹಾಳಾಗುತ್ತಿದ್ದರೆ ತಡವಾಗಿ ಕಟ್ಟಿದ್ದೀರಿ, ಇಲ್ಲವೇ ಆಗಲೇ ಕೂಡಿದ ಹೆಣ್ಣು ಪಕ್ಕದ ತೋಟದಿಂದ ಬರುತ್ತಿದೆ. ಹತ್ತಿರದಲ್ಲಿ ಸೀಬೆ, ಸಪೋಟ ಇದ್ದರೆ ಅಲ್ಲಿಗೂ ಬಲೆ ಬೇಕು. ಮಾವಿಲ್ಲದ ಕಾಲದಲ್ಲಿ ನೊಣಕ್ಕೆ ಅವೇ ಆಸರೆ.

ಕಾಯಿಗೆ ಕಾಗದದ ಚೀಲ ಕಟ್ಟುವುದು ಬಾದಾಮಿ, ಮಲ್ಲಿಕಾದಂತಹ ತಿನ್ನುವ ಹಣ್ಣಿಗೆ ಗಿಟ್ಟುತ್ತದೆ. ಪಲ್ಪ್ ಫ್ಯಾಕ್ಟರಿಗೆ ಟನ್ ಲೆಕ್ಕದಲ್ಲಿ ಹೋಗುವ ತೋತಾಪುರಿಗೆ ಕೂಲಿಯೂ ಹುಟ್ಟದು.

ಕೊಯ್ಲು ಮುಗಿದ ಮೇಲೆ ಬುಡದ ಸುತ್ತ ಎರಡು ಮೂರು ಇಂಚು ಮಾತ್ರ ಕೆದಕಿ, ಕೋಶಗಳನ್ನು ಬಿಸಿಲಿಗೂ ಹಕ್ಕಿಗಳಿಗೂ ಬಿಡಿ. ಆಳಕ್ಕೆ ನೇಗಿಲು ಹೊಡೆದರೆ ಮೇಲಿನ ಬೇರು ಕಡಿಯುತ್ತದೆ. ಹೂವಿನಲ್ಲೇ ಫಸಲು ಮಾರುವವರಿಗೆ ಮಾತ್ರ ಇದೆಲ್ಲ ಕಷ್ಟ. ವ್ಯಾಪಾರಿಗೆ ಕೊಯ್ದ ಹಣ್ಣಿನ ಚಿಂತೆ, ಉದುರಿದ್ದರದಲ್ಲ. ಉದುರು ಆರಿಸುವುದು ಯಾರ ಪಾಲಿನ ಕೆಲಸ ಅನ್ನುವುದನ್ನು ಮುಂಗಡ ತೆಗೆದುಕೊಳ್ಳುವಾಗಲೇ ಕರಾರಿನಲ್ಲಿ ಬರೆಸಿಕೊಳ್ಳಿ.